ಶಾಲಾ ವಿನಿಮಯದಿಂದ ಬೇಸಾಯ ಕಲಿಯಬಹುದೇ?

ದಿನಸಿ ವ್ಯಾಪಾರಿಯಾದ ನನಗೆ ಮಳೆ ಕೈಕೊಟ್ಟ ಸುದ್ದಿ ಪತ್ರಿಕೆಗಿಂತ ಮೊದಲು ಧಾರಣೆಯಲ್ಲಿ ತಿಳಿಯುತ್ತದೆ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಆಲಿವ್ ಎಣ್ಣೆಗೆ ಜಗತ್ತಿನಲ್ಲೇ ಮೊದಲ ಸ್ಥಾನದ ಸ್ಪೇನ್‌ನಲ್ಲೂ ಬರ ಬಿದ್ದು, 2022-23ರ ಹಂಗಾಮಿನ ಉತ್ಪಾದನೆ ಹಿಂದಿನ ವರ್ಷದ ಅರ್ಧಕ್ಕಿಂತ ಕೆಳಗಿಳಿಯಿತು. ಬರ ಈಗ ಒಂದೂರಿನ ಕಷ್ಟವಾಗಿ ಉಳಿದಿಲ್ಲ.

ಇಂಥ ಕಾಲಕ್ಕೆ ತಕ್ಕ ಬೇಸಾಯವನ್ನು ಮಕ್ಕಳಿಗೆ ಕಲಿಸುವುದು ಹೇಗೆ? ಯುರೋಪ್ ಒಕ್ಕೂಟ ‘ಎರಾಸ್ಮಸ್ ಪ್ಲಸ್’ ಯೋಜನೆಯಡಿ ಒಂದು ದೇಶದ ಶಾಲಾ ಮಕ್ಕಳನ್ನು ಇನ್ನೊಂದು ದೇಶದ ಶಾಲೆಗೆ ಕಳುಹಿಸುತ್ತದೆ. ಉನ್ನತ ಶಿಕ್ಷಣ, ಕ್ರೀಡೆ ಎಲ್ಲ ಸೇರಿ 2021ರಿಂದ 2027ರವರೆಗೆ ಇದಕ್ಕೆ ಸುಮಾರು 2,600 ಕೋಟಿ ಯೂರೋ ಮೀಸಲು. ಪರಿಸರ ಮತ್ತು ಹವಾಮಾನ ಅದರ ನಾಲ್ಕು ಆದ್ಯತೆಗಳಲ್ಲಿ ಒಂದು.

ಉದ್ದೇಶ ಒಳ್ಳೆಯದೇ. ಆದರೆ ದಿನಗಳ ಲೆಕ್ಕ ಹೊಂದುವುದಿಲ್ಲ. ಒಬ್ಬೊಬ್ಬರಾಗಿ ಹೋಗುವ ವಿದ್ಯಾರ್ಥಿಗೆ ಒಂದು ವರ್ಷದವರೆಗೂ ಅವಕಾಶವಿದೆ. ಗುಂಪಾಗಿ ಹೋಗುವವರಿಗೆ 2ರಿಂದ 30 ದಿನ ಮಾತ್ರ. ರಾಗಿ, ಜೋಳದಂಥ ಬೆಳೆಗೆ ಬೇಕಾಗುವುದು ಮೂರು-ನಾಲ್ಕು ತಿಂಗಳು. ಬಿತ್ತನೆ ನೋಡಿದ ಮಗು ಕೊಯ್ಲು ನೋಡುವುದಿಲ್ಲ. ಕೊಯ್ಲು ನೋಡಿದ ಮಗು ಮಳೆಗಾಗಿ ಕಾದಿರುವುದಿಲ್ಲ. ಹನಿ ನೀರಾವರಿಯ ಫೋಟೋ ತಂದರೆ ಬೇಸಾಯ ಕಲಿತಂತಾಗದು.

ಇದಕ್ಕೆ ದಾರಿಯೂ ಅಲ್ಲೇ ಇದೆ. 2005ರಿಂದ ನಡೆಯುತ್ತಿರುವ ‘ಇ-ಟ್ವಿನಿಂಗ್’ ಶಾಲೆಗಳನ್ನು ಅಂತರ್ಜಾಲದಲ್ಲಿ ಜೋಡಿಸುತ್ತದೆ. ಎರಡು ಶಾಲೆಗಳು ಒಂದೇ ಬೆಳೆ ಹಾಕಿ, ಮಳೆ, ಮಣ್ಣಿನ ತೇವ, ಇಳುವರಿಯ ಲೆಕ್ಕವನ್ನು ವಾರವಾರ ಹಂಚಿಕೊಳ್ಳಬಹುದು. ಪ್ರವಾಸವನ್ನು ಕಣ್ಣಾರೆ ನೋಡಲೇಬೇಕಾದದ್ದಕ್ಕೆ ಉಳಿಸಿಕೊಳ್ಳಬಹುದು. ಸ್ಪೇನ್‌ನ ವೆಲೆನ್ಸಿಯಾದಲ್ಲಿ ರೈತರೇ ಆರಿಸಿದ ಜಲ ನ್ಯಾಯಮಂಡಳಿ ಗುರುವಾರ ಮಧ್ಯಾಹ್ನ ಚರ್ಚಿನ ಬಾಗಿಲಲ್ಲಿ ಸೇರಿ, ಕಾಲುವೆ ನೀರಿನ ವ್ಯಾಜ್ಯಗಳನ್ನು ಬಾಯಿಮಾತಿನಲ್ಲೇ ತೀರ್ಮಾನಿಸುತ್ತದೆ. 2009ರಲ್ಲಿ ಯುನೆಸ್ಕೋ ಇದನ್ನು ಪಾರಂಪರಿಕ ಪಟ್ಟಿಗೆ ಸೇರಿಸಿತು. ಕೆರೆ ನೀರನ್ನು ಸಮನಾಗಿ ಹಂಚುತ್ತಿದ್ದ ನಮ್ಮ ನೀರುಗಂಟಿಗಳನ್ನು ಬಲ್ಲ ಹಿರಿಯರಿಗೆ ಇದರ ಬೆಲೆ ಗೊತ್ತು.

ಈ ಯೋಜನೆಯ ಶಾಲಾ ವಿನಿಮಯದಲ್ಲಿ ಭಾರತ ಸೇರಿಲ್ಲ. ಹಾಗೆಂದು ನಾವು ಕೈಕಟ್ಟಿ ಕೂರಬೇಕಿಲ್ಲ. ನಮ್ಮ ಸಮಾಜದ ಟ್ರಸ್ಟ್‌ಗಳ ಶಾಲೆಗಳು, ವಿದ್ಯಾರ್ಥಿನಿಲಯಗಳು ಕರಾವಳಿಯಲ್ಲೂ ಇವೆ, ಬಯಲುಸೀಮೆಯಲ್ಲೂ ಇವೆ. ಒಂದು ಕಡೆ ಅತಿವೃಷ್ಟಿ, ಇನ್ನೊಂದು ಕಡೆ ಅನಾವೃಷ್ಟಿ. ಇವೆರಡನ್ನು ಜೋಡಿಸಲು ಪಾಸ್‌ಪೋರ್ಟ್ ಬೇಡ; ಒಂದು ಮಳೆಮಾಪಕ, ಒಂದು ನೋಟ್‌ಬುಕ್, ಕಾಲು ಎಕರೆ ಜಾಗ ಸಾಕು.

ಶೈಕ್ಷಣಿಕ ಪ್ರವಾಸಕ್ಕೆ ದೇಣಿಗೆ ಕೊಡುವ ಬಂಧುಗಳಲ್ಲಿ ಒಂದು ವಿನಂತಿ. ಮಕ್ಕಳು ಎಷ್ಟು ದೂರ ಹೋಗಿಬಂದರು ಎಂದು ಕೇಳುವ ಮೊದಲು, ಒಂದು ಬೆಳೆಯನ್ನು ಬಿತ್ತನೆಯಿಂದ ಕೊಯ್ಲಿನವರೆಗೆ ನೋಡಿಕೊಂಡರೇ ಎಂದು ಕೇಳಿ.