ಸ್ಟೀರಿಯೋ ಯಂತ್ರಗಳಿಗೊಂದು ಕಪಾಟು

ಮಳೆಗಾಲ ಸಮೀಪಿಸಿತೆಂದರೆ ಸೌದೆ, ತೆಂಗಿನಕಾಯಿ, ಹಪ್ಪಳ, ಉಪ್ಪಿನಕಾಯಿಗಳ ಭದ್ರತೆಯ ಕುರಿತು ಗೃಹಸ್ಥರು ಯೋಚಿಸುವುದುಂಟು. ಚಾವಡಿಯ ಮೂಲೆಯಲ್ಲಿ ಒಂದರ ಮೇಲೊಂದಾಗಿ ಕುಳಿತಿರುವ ಹಳೆಯ ಸ್ಟೀರಿಯೋ ಯಂತ್ರಗಳ ಯೋಚನೆಯಾದರೋ ಬಹು ಮಂದಿಗೆ ಬರುವುದಿಲ್ಲ. ಈ ತಿಂಗಳು ಆ ವಿಷಯವಾಗಿಯೇ ನಾಲ್ಕು ಮಾತುಗಳನ್ನು ವಾಚಕರಲ್ಲಿ ಅರಿಕೆ ಮಾಡಬೇಕೆಂದಿದ್ದೇವೆ.

ನೇತ್ರಾವತಿಯ ತೀರದ ನರಿಕೊಂಬಿನಲ್ಲಿ ನಮ್ಮ ಪರಿಚಿತರ ಮನೆಯೊಂದುಂಟು. ಆ ಮನೆಯ ಅಜ್ಜ ಕೊಲ್ಲಿಯ ನಾಡಿನಲ್ಲಿ ದುಡಿದು ಮರಳುವಾಗ ಆಂಪ್ಲಿಫೈಯರ್, ಟ್ಯೂನರ್, ಟೇಪ್ ಡೆಕ್, ರೆಕಾರ್ಡ್ ಪ್ಲೇಯರ್ ಎಂಬ ನಾಲ್ಕು ಯಂತ್ರಗಳನ್ನೂ ಜೋಡಿ ಸ್ಪೀಕರುಗಳನ್ನೂ ತಂದಿದ್ದರು. ಪತ್ತನಾಜೆ ಕಳೆದು ಮೇಳಗಳ ಆಟ ನಿಂತ ಮೇಲೆ ಅದೇ ಚಾವಡಿಯಲ್ಲಿ ತಾಳಮದ್ದಳೆಗಳು ನಡೆಯುತ್ತಿದ್ದುವು. ಅಜ್ಜನೂ ಅರ್ಥ ಹೇಳುತ್ತಿದ್ದರು. ಅವನ್ನೆಲ್ಲ ಟೇಪಿನಲ್ಲಿ ಹಿಡಿದಿಟ್ಟಿದ್ದರು. ಅಜ್ಜ ಈಗಿಲ್ಲ, ಧ್ವನಿ ಮಾತ್ರ ಉಳಿದಿದೆ.

ಕಳೆದ ಆಟಿಯಲ್ಲಿ ನಾವು ಅಲ್ಲಿಗೆ ಹೋದಾಗ ನಾಲ್ಕು ಯಂತ್ರಗಳೂ ಅಂದವಾಗಿ ಗೋಪುರದಂತೆ ಗೋಡೆಗೊತ್ತಿ ನಿಂತಿದ್ದುವು. ಮೇಲೊಂದು ಕಸೂತಿಯ ವಸ್ತ್ರ. ಆಂಪ್ಲಿಫೈಯರ್ ಎಲ್ಲಕ್ಕೂ ಅಡಿಯಲ್ಲಿ, ಅದರ ಬೆನ್ನ ಮೇಲೆಯೇ ಟೇಪ್ ಡೆಕ್. ಒಂದು ಸಂಧಿಯನ್ನು ಕೇಳಿ ಮುಗಿಸುವಷ್ಟರಲ್ಲಿ ಸುಟ್ಟ ವಾಸನೆ ಹೊರಟಿತು. ಕೂಡಲೇ ಪ್ಲಗ್ಗನ್ನು ಕಿತ್ತುದರಿಂದ ಅನಾಹುತ ತಪ್ಪಿತು. ಆದರೆ ಆಂಪ್ಲಿಫೈಯರಿಗೆ ತಗಲಿಕೊಂಡಿದ್ದ ಒಂದು ಕ್ಯಾಸೆಟ್ಟು ಬಿಸಿಗೆ ಸೊಟ್ಟಗಾಗಿಹೋಗಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918–2006) ಪ್ರಸಿದ್ಧರ ಅರ್ಥಗಾರಿಕೆಯ ಮುದ್ರಿಕೆಗಳು ಹತ್ತು ಕಡೆ ಇರುವುವು; ಒಂದು ಹಾಳಾದರೆ ಇನ್ನೊಂದು ದೊರೆತೀತು. ಮನೆಯ ಅಜ್ಜನ ಧ್ವನಿಗೆ ಎರಡನೆಯ ಪ್ರತಿ ಎಲ್ಲಿಯದು?

ಎಡೆಯಿಲ್ಲದ ಅಂದವೇ ಇಲ್ಲಿನ ಅಪಾಯ. ಆಂಪ್ಲಿಫೈಯರ್ ತಾನು ಕುಡಿದ ವಿದ್ಯುತ್ತಿನ ದೊಡ್ಡ ಪಾಲನ್ನು ಶಾಖವಾಗಿಯೇ ಹೊರಬಿಡುತ್ತದೆ. ಅದರ ಮುಚ್ಚಳದ ಮೇಲಿರುವ ಸೀಳುಗಳು ಅಲಂಕಾರಕ್ಕಲ್ಲ, ಉಸಿರಾಡುವುದಕ್ಕೆ. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳ ಸುತ್ತ ಬಿಸಿ 10 ಡಿಗ್ರಿಯಷ್ಟು ಹೆಚ್ಚಿದರೆ ಅವುಗಳ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುವುದೆಂದು ಯಂತ್ರಜ್ಞರ ಲೆಕ್ಕ. ಮೂವತ್ತು ನಲವತ್ತು ವರ್ಷ ಬಾಳಿದ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಹಗೆ ಬೇರಿಲ್ಲ.

ಆದುದರಿಂದ ಪ್ರತಿಯೊಂದು ಯಂತ್ರಕ್ಕೂ ಅದರದೇ ಹಲಗೆಯಿರುವ ಕಪಾಟನ್ನು ಮಾಡಿಸತಕ್ಕದ್ದು. ಈ ಯಂತ್ರಗಳಲ್ಲಿ ಹೆಚ್ಚಿನವು ಸುಮಾರು 17 ಅಂಗುಲ ಅಗಲವಿರುವುದರಿಂದ ಕಪಾಟಿನ ಒಳ ಅಗಲ 22 ಅಂಗುಲ, ಆಳ 18 ಅಂಗುಲ ಇದ್ದರೆ ಸಾಕು. ಹಲಸಿನ ಇಲ್ಲವೆ ಸಾಗುವಾನಿಯ ಚೆನ್ನಾಗಿ ಒಣಗಿದ ಹಲಗೆ, ಒಂದು ಅಂಗುಲ ದಪ್ಪದ್ದು, ಉತ್ತಮ. ಹೊಟ್ಟನ್ನು ಒತ್ತಿ ಮಾಡಿದ ಅಗ್ಗದ ಹಲಗೆ ನಮ್ಮ ಮಳೆಗೆ ಉಬ್ಬಿ ಬಾಗುವುದು. ಕಪಾಟಿನ ಬೆನ್ನಿಗೆ ಹಲಗೆ ಬೇಡ. ಗಾಳಿಯೂ ತಂತಿಗಳೂ ಅಲ್ಲಿಂದಲೇ ಸಂಚರಿಸಬೇಕು. ಮುಂದೆ ಗಾಜಿನ ಬಾಗಿಲು ಬೇಕೆನ್ನುವವರು ಯಂತ್ರ ನುಡಿಯುವಾಗ ಅದನ್ನು ತೆರೆದಿಡಲಿ.

ಇನ್ನು ಇಡುವ ಕ್ರಮ. ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ ಎಂಬ ಪಾಠ ಅಟ್ಟದ ಭರಣಿಗಳಿಂದಲೇ ನಮ್ಮ ಗೃಹಿಣಿಯರಿಗೆ ತಿಳಿದುದಾಗಿದೆ. 10 ಕಿಲೋಗ್ರಾಂ ತೂಗುವ ಆಂಪ್ಲಿಫೈಯರ್ ಕೆಳಗಣ ಹಲಗೆಯಲ್ಲಿರಲಿ; ಅದರ ಮೇಲೆ ಆರು ಅಂಗುಲ, ಎರಡು ಪಕ್ಕಗಳಲ್ಲಿ ಎರಡೆರಡು ಅಂಗುಲ ಬರಿದಾಗಿರಲಿ. ನಡುವೆ ಟ್ಯೂನರ್ ಮತ್ತು ಟೇಪ್ ಡೆಕ್. ಎಲ್ಲಕ್ಕೂ ಮೇಲೆ ರೆಕಾರ್ಡ್ ಪ್ಲೇಯರ್: ಅದರ ಮುಚ್ಚಳ ತೆರೆಯಲು ಸ್ಥಳ ದೊರೆಯುವುದು, ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿನಿಂದ ದೂರವಿರುವುದರಿಂದ ಗುಂಯ್ ಎಂಬ ಸದ್ದೂ ಕಡಿಮೆಯಾಗುವುದು. ಸ್ಪೀಕರುಗಳನ್ನು ಮಾತ್ರ ಈ ಕಪಾಟಿನಲ್ಲಿ ಎಂದಿಗೂ ಇಡಬಾರದು. ಅವುಗಳ ಕಂಪನ ಹಲಗೆಯ ಮೂಲಕ ಮುಳ್ಳಿಗೆ ತಲಪಿ, ಪುನಃ ಸ್ಪೀಕರಿಗೆ ಹೋಗಿ, ಕೊನೆಗೆ ಹಾಡಿನ ಬದಲು ಗೋಳಾಟವೇ ಕೇಳಿಸುವುದು. ಅವುಗಳ ಅಯಸ್ಕಾಂತ ಟೇಪುಗಳಿಗೂ ಹಿತವಲ್ಲ. ರೆಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಬೇಕು.

ಮನೆಯಲ್ಲಿ ಅಂಬೆಗಾಲಿಡುವ ಮಕ್ಕಳಿದ್ದರೆ ಇನ್ನೊಂದು ಎಚ್ಚರಿಕೆ ಅವಶ್ಯ. ಹಲಗೆಗಳು ಮಗುವಿಗೆ ಏಣಿಯಂತೆಯೇ ಕಾಣುವುವು. ಕಪಾಟಿನ ಮೇಲ್ತುದಿಯನ್ನು ಕಬ್ಬಿಣದ ಪಟ್ಟಿಗಳಿಂದ ಗೋಡೆಗೆ ಬಿಗಿಯಲೇಬೇಕು. ಮುರಕಲ್ಲಿನ ಗೋಡೆಯಲ್ಲಿ ಗಿಡ್ಡ ಮೊಳೆ ನಿಲ್ಲದು. ಆಳವಾಗಿ ಕೊರೆದು, ಉದ್ದನೆಯ ಪ್ಲಗ್ಗಿಟ್ಟು ಸ್ಕ್ರೂ ಹಾಕಿಸಿ. ತಂತಿಗಳನ್ನು ಕಪಾಟಿನ ಹಿಂಗಾಲಿಗೆ ಕಟ್ಟಿದರೆ ಎಳೆಯುವ ಕೈಗೆ ಸಿಕ್ಕವು.

ಮಳೆಯ ಸಂಗತಿ ಬೇರೆಯೇ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲ್ಲಿಮೀಟರ್ ಮಳೆ ಸುರಿಯುತ್ತದೆ. ಮುರಕಲ್ಲು ನೀರು ಕುಡಿದು ತಿಂಗಳುಗಟ್ಟಲೆ ಬೆವರುತ್ತದೆ. ಕಪಾಟು ಗೋಡೆಯಿಂದ ಒಂದು ಗೇಣು ದೂರವಿರಲಿ. ಬಿಗಿಯುವ ಪಟ್ಟಿಗಳು ಅಷ್ಟು ಉದ್ದವಿರಲಿ. ಕಾಲುಗಳ ಅಡಿಯಲ್ಲಿ ಶಿಲೆಗಲ್ಲಿನ ತುಂಡುಗಳಿದ್ದರೆ ತೇವ ಏರದು, ಗೆದ್ದಲಿನ ಮಣ್ಣಿನ ಗೆರೆಯೂ ಬೇಗ ಕಣ್ಣಿಗೆ ಬೀಳುವುದು. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿ ಉಕ್ಕಿ ಬಂದುದನ್ನು ಹೊಳೆಯ ಬದಿಯವರು ಮರೆತಿಲ್ಲ. ತಗ್ಗಿನ ಮನೆಯವರು ಟೇಪುಗಳನ್ನಾದರೂ ಅಟ್ಟದ ಎತ್ತರದಲ್ಲಿ, ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ, ಬಿಗಿಯಾದ ಡಬ್ಬಿಯಲ್ಲಿ ಇಡಲಿ. ವಾರಕ್ಕೊಮ್ಮೆ ಒಂದು ಗಂಟೆ ಯಂತ್ರಗಳನ್ನು ನುಡಿಸಿದರೆ ಒಳಗಿನ ತೇವ ತಾನಾಗಿ ಆರುವುದು. ನುಡಿಸುವ ಮೊದಲು ವಸ್ತ್ರವನ್ನು ತೆಗೆಯಿರಿ. ಯಂತ್ರ ಪೂರ್ತಿ ತಣಿದ ಬಳಿಕವೇ ಹೊದಿಸಿರಿ. ಹೂದಾನಿಯನ್ನಾಗಲಿ ದೀಪವನ್ನಾಗಲಿ ಮೇಲಿಡಬಾರದು.

ಗುಡುಗು ದೂರದಲ್ಲಿ ಕೇಳಿಸುವಾಗಲೇ ಪ್ಲಗ್ಗನ್ನೂ ಟ್ಯೂನರಿನ ಏರಿಯಲ್ ತಂತಿಯನ್ನೂ ಕಳಚಿಡಬೇಕು. ಮಿಂಚು ತಲೆಯ ಮೇಲೆ ಬಂದಾಗ ಅವನ್ನು ಮುಟ್ಟುವುದು ತರವಲ್ಲ. ಬಹುಕಾಲ ಮೂಲೆಯಲ್ಲಿದ್ದ ಯಂತ್ರಕ್ಕೆ ಒಮ್ಮೆಗೇ ವಿದ್ಯುತ್ತನ್ನು ಕೊಡಬಾರದು. ಪ್ಲಗ್ ಕಿತ್ತ ಮೇಲೂ ಒಳಗೆ ವಿದ್ಯುತ್ತು ಉಳಿದಿರಬಹುದಾದುದರಿಂದ ಮುಚ್ಚಳವನ್ನು ತಾವೇ ಬಿಚ್ಚದೆ ಬಲ್ಲ ಮೆಕ್ಯಾನಿಕರಿಗೆ ತೋರಿಸುವುದು ಲೇಸು.

ನರಿಕೊಂಬಿನ ಆ ಮನೆಯಲ್ಲಿ ಈಗ ಊರ ಆಚಾರಿಗಳು ಮಾಡಿಕೊಟ್ಟ ಹಲಸಿನ ಕಪಾಟು ನಿಂತಿದೆ. ಉಳಿದ ಟೇಪುಗಳನ್ನೆಲ್ಲ ಮನೆಯ ಮೊಮ್ಮಗಳು ಕಂಪ್ಯೂಟರಿಗೆ ಇಳಿಸಿ, ಎರಡು ಪ್ರತಿ ಮಾಡಿ, ಒಂದನ್ನು ಮಂಗಳೂರಿನ ಸೋದರಮಾವನ ಮನೆಯಲ್ಲಿ ಇರಿಸಿದ್ದಾಳೆ. ಎಷ್ಟು ಒಳ್ಳೆಯ ಕಪಾಟಾದರೂ ಈ ಕೆಲಸವನ್ನು ಮಾಡಲಾರದು. ವಾಚಕರು ಕಪಾಟನ್ನು ನಿಧಾನವಾಗಿ ಮಾಡಿಸಿದರೂ ಚಿಂತೆಯಿಲ್ಲ. ಹಿರಿಯರ ಧ್ವನಿಯ ಪ್ರತಿಯನ್ನು ಈ ಮಳೆಗೆ ಮುಂಚೆಯೇ ಮಾಡಿಸಿಕೊಳ್ಳಬೇಕೆಂದು ನಮ್ಮ ಬಿನ್ನಹ.