ಲ್ಯಾಪ್‌ಟಾಪ್ ಕೊಳ್ಳುವಾಗಲೂ ಹಲ್ಲು ನೋಡಬೇಕು

 

ಈ ಸಲ 'ನನ್ನ ಅಭಿಪ್ರಾಯ' ಬರೆಯುವ ಸರದಿ ನನ್ನದು. ನಾನು ಲ್ಯಾಪ್‌ಟಾಪ್ ಬಗ್ಗೆ ಬರೆಯುತ್ತೇನೆ. ಏಳನೇ ಕ್ಲಾಸಿನವಳಿಗೆ ಲ್ಯಾಪ್‌ಟಾಪ್ ಯಾಕೆ ಅಂತ ನಗಬೇಡಿ. ಡಿಗ್ರಿ ಓದುವ ಅಕ್ಕ, ಅಣ್ಣ ಇರುವ ಮನೆಗಳಲ್ಲೆಲ್ಲ ಈಗ ಇದೇ ಮಾತು. ನಾಳೆ ನಮ್ಮ ಸರದಿಯೂ ಬರುತ್ತದೆ. ಮೂವತ್ತು, ಮೂವತ್ತೈದು ಸಾವಿರ ರೂಪಾಯಿ ಅಂದರೆ ನಮ್ಮಂಥವರ ಮನೆಯಲ್ಲಿ ಸಣ್ಣ ಮಾತಲ್ಲ. ಅದು ಎರಡು ಬೆಳೆ ಗೂಡಿನ ದುಡ್ಡು, ಇಲ್ಲವೇ ಒಂದು ಒಳ್ಳೆಯ ಕರೆಯುವ ಹಸುವಿನ ದುಡ್ಡು.

ನನ್ನ ಅಭಿಪ್ರಾಯ ಇಷ್ಟೇ. ಲ್ಯಾಪ್‌ಟಾಪನ್ನು ಬಣ್ಣ ನೋಡಿ, ಹೆಸರು ನೋಡಿ, ಅಂಗಡಿಯವರ ಮಾತು ಕೇಳಿ ಕೊಳ್ಳಬಾರದು. ಡಬ್ಬದ ಮೇಲೆ ಅಂಟಿಸಿರುವ ಚೀಟಿ ಓದಿ ಕೊಳ್ಳಬೇಕು. ಆ ಚೀಟಿ ಓದುವುದನ್ನು ನಾವು ಮಕ್ಕಳೇ ಕಲಿಯಬೇಕು.

ನಮ್ಮ ಊರಿನವರು ಘಾಟಿ ಜಾತ್ರೆಯಲ್ಲಿ ಎತ್ತು ಕೊಳ್ಳುವುದನ್ನು ನೀವೆಲ್ಲ ನೋಡಿದ್ದೀರಿ. ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿ ಕೂಡಿದೆಯೋ ಅಂತ ನೋಡಿ ವಯಸ್ಸು ಹೇಳುತ್ತಾರೆ. ಸುಳಿ ನೋಡುತ್ತಾರೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಕೊಂಬಿಗೆ ಹಚ್ಚಿದ ಬಣ್ಣ ನೋಡಿ ಯಾರೂ ದುಡ್ಡು ಎಣಿಸುವುದಿಲ್ಲ. ಇಷ್ಟು ಬುದ್ಧಿವಂತರು ಲ್ಯಾಪ್‌ಟಾಪ್ ಅಂಗಡಿಗೆ ಹೋದರೆ ಮಾತ್ರ ಕೈಕಟ್ಟಿ ನಿಲ್ಲುತ್ತಾರೆ. ಯಾಕೆ ಅಂದ್ರೆ ಅದರ ಹಲ್ಲು ಎಲ್ಲಿದೆ ಅಂತ ಗೊತ್ತಿಲ್ಲ.

ನನ್ನ ಅಕ್ಕ ಈಗ ಬಿ.ಕಾಂ. ಓದುತ್ತಿದ್ದಾಳೆ. ಅವಳಿಗೆ ಲ್ಯಾಪ್‌ಟಾಪ್ ಕೊಡಿಸಬೇಕು ಅಂತ ಅಪ್ಪ ಗೂಡು ಮಾರಿದ ದುಡ್ಡಿನಲ್ಲಿ ಮೂವತ್ತೈದು ಸಾವಿರ ಎತ್ತಿಟ್ಟಿದ್ದಾರೆ. ಹೋದ ತಿಂಗಳು ಅಪ್ಪ, ಅಕ್ಕ, ನಾನು ಪೇಟೆಯ ಒಂದು ಅಂಗಡಿಗೆ ಹೋಗಿದ್ದೆವು. ಅವರು ಒಂದನ್ನು ತೋರಿಸಿ, "ಇದು ತಗೊಳ್ಳಿ ಯಜಮಾನ್ರೇ, ಕೀಗಳ ಕೆಳಗೆ ಲೈಟ್ ಬರುತ್ತೆ, ಬ್ಯಾಗ್ ಫ್ರೀ" ಅಂದರು. ಅಪ್ಪ ನನ್ನ ಕಡೆ ತಿರುಗಿ, "ಇದರ ಹಲ್ಲು ಎಲ್ಲೈತೆ ನೋಡಮ್ಮ" ಅಂದರು. ಡಬ್ಬ ತಿರುಗಿಸಿ ಓದಿದೆವು. 4 ಜಿಬಿ ರ್‍ಯಾಮ್ ಅಂತ ಇತ್ತು. ಅಕ್ಕ ಬೇಡ ಅಂದಳು. ವಾಪಸ್ ಬಂದೆವು. ಆ ಮೇಲೆ ಅಕ್ಕ ಅವಳ ಕಾಲೇಜಿನಲ್ಲಿ ಕೇಳಿ ಬಂದಳು. ನಾನು ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಹೀಗೆ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಡಬ್ಬದ ಮೇಲಿನ ಸಾಲು ಸುಮಾರಾಗಿ ಹೀಗಿರುತ್ತದೆ: ಐ3-1215ಯು, 8 ಜಿಬಿ, 512 ಜಿಬಿ ಎಸ್‌ಎಸ್‌ಡಿ, 15.6 ಇಂಚು ಎಫ್‌ಎಚ್‌ಡಿ, ವಿಂಡೋಸ್ 11. ನೋಡಿದರೆ ಮಂತ್ರ ಇದ್ದ ಹಾಗಿದೆ. ಬಿಡಿಸಿದರೆ ಐದೇ ಮಾತು.

ಒಂದನೆಯದು, ಪ್ರೊಸೆಸರ್. ಲೆಕ್ಕ ಮಾಡುವುದು ಇದೇ. ಗಾಡಿಗೆ ಎತ್ತು ಹೇಗೋ ಲ್ಯಾಪ್‌ಟಾಪಿಗೆ ಇದು ಹಾಗೆ. ಇಂಟೆಲ್ ಕಂಪನಿಯದಾದರೆ ಐ3, ಐ5, ಐ7 ಅಂತ ಇರುತ್ತದೆ. ಎಲ್ಲರೂ ಇಷ್ಟನ್ನೇ ನೋಡಿ ಐ7 ದೊಡ್ಡದು ಅಂತಾರೆ. ಆದರೆ ವಯಸ್ಸು ಇರುವುದು ಅದರ ಮುಂದಿನ ಅಂಕಿಯಲ್ಲಿ. 1215ಯು ಅಂದರೆ 12ನೇ ತಲೆಮಾರು, 2022ರಲ್ಲಿ ಬಂದದ್ದು. ಐ7-4600ಯು ಅಂದರೆ 4ನೇ ತಲೆಮಾರು, 2013ರದ್ದು. ಆ ಹಳೆಯ ಐ7ಗೆ ಇರುವುದು 2 ಕೋರ್. ಈ ಐ3ಗೆ 6 ಕೋರ್. ಕೋರ್ ಅಂದರೆ ಕೆಲಸ ಮಾಡುವ ಕೈ ಅಂತ ಇಟ್ಟುಕೊಳ್ಳಿ. ಹಾಗಾಗಿ ಐ7 ಅಂದ ಕೂಡಲೇ ಬಾಯಿ ಬಿಡಬಾರದು, ಅದರ ಬಾಯಿ ಬಿಡಿಸಿ ನೋಡಬೇಕು. 2024ರಿಂದ ಬಂದ ಕೆಲವಕ್ಕೆ ಐ ಅಕ್ಷರವೇ ಇಲ್ಲ, ಕೋರ್ 3 100ಯು ಅಂತ ಬರೆದಿರುತ್ತಾರೆ. ಎಎಂಡಿ ಕಂಪನಿಯದಾದರೆ ರೈಜನ್ 3, ರೈಜನ್ 5 ಅಂತ ಇರುತ್ತದೆ. ಪಾಠ ಓದಲು, ಪ್ರಾಜೆಕ್ಟ್ ಬರೆಯಲು, ಲೆಕ್ಕ ಹಾಕಲು, ವಿಡಿಯೋ ನೋಡಲು ಈಚಿನ ಐ3 ಅಥವಾ ರೈಜನ್ 3 ಸಾಕು. ಹೊಲ ಇರುವುದು ಒಂದು ಎಕರೆ ಆದರೆ ದೊಡ್ಡ ಟ್ರ್ಯಾಕ್ಟರ್ ಯಾಕೆ?

ಎರಡನೆಯದು ರ್‍ಯಾಮ್, ಮೂರನೆಯದು ಸಂಗ್ರಹ. ಎರಡನ್ನೂ ಜಿಬಿಯಲ್ಲೇ ಬರೆಯುವುದರಿಂದ ಜನ ಗೊಂದಲ ಮಾಡಿಕೊಳ್ಳುತ್ತಾರೆ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ರ್‍ಯಾಮ್ ಅಂದರೆ ಕಣ, ಸಂಗ್ರಹ ಅಂದರೆ ಕಣಜ. ರಾಗಿ ಒಕ್ಕುವುದು ಕಣದಲ್ಲಿ, ತುಂಬಿಡುವುದು ಕಣಜದಲ್ಲಿ. ಲ್ಯಾಪ್‌ಟಾಪ್ ಆರಿಸಿದರೆ ರ್‍ಯಾಮ್ ಖಾಲಿ, ಸಂಜೆ ಕಣ ಗುಡಿಸಿದ ಹಾಗೆ. ಕಣಜದಲ್ಲಿ ಇಟ್ಟದ್ದು ಮಾತ್ರ ಉಳಿಯುತ್ತದೆ. ಕಣಜ ಎಷ್ಟೇ ದೊಡ್ಡದಿದ್ದರೂ ಕಣ ಚಿಕ್ಕದಾದರೆ ಒಕ್ಕಣೆ ಸಾಗುವುದಿಲ್ಲ.

ವಿಂಡೋಸ್ 11 ನಡೆಯಲು ಕಡಿಮೆ ಅಂದರೂ 4 ಜಿಬಿ ರ್‍ಯಾಮ್ ಬೇಕು ಅಂತ ಅದನ್ನು ಮಾಡಿದ ಮೈಕ್ರೋಸಾಫ್ಟ್ ಕಂಪನಿಯೇ ಹೇಳಿದೆ. ಅಂಗಡಿಯವರು ಇದನ್ನೇ ಹಿಡಿದುಕೊಂಡು ನಾಲ್ಕು ಸಾಕು ಅಂತಾರೆ. ಕಡಿಮೆ ಅಂದರೂ ಬೇಕು ಅನ್ನುವುದಕ್ಕೂ ಸಾಕು ಅನ್ನುವುದಕ್ಕೂ ವ್ಯತ್ಯಾಸ ಇದೆ. ಅದು ಬರೀ ಪಾಸ್ ಅಂಕ ಇದ್ದ ಹಾಗೆ. ನಾಲ್ಕರಲ್ಲಿ ದೊಡ್ಡ ಪಾಲು ವಿಂಡೋಸಿಗೇ ಹೋದರೆ ನಮ್ಮ ಕೆಲಸಕ್ಕೆ ಜಾಗ ಎಲ್ಲಿ? ಆದ್ದರಿಂದ 8 ಜಿಬಿ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ಪ್ರಶ್ನೆ ಮರೆಯದೆ ಕೇಳಬೇಕು: "ಮುಂದೆ ರ್‍ಯಾಮ್ ಹೆಚ್ಚಿಸಬಹುದಾ?" ಕೆಲವು ಲ್ಯಾಪ್‌ಟಾಪಿನಲ್ಲಿ ರ್‍ಯಾಮನ್ನು ಒಳಗೆ ಬೆಸುಗೆ ಹಾಕಿಬಿಟ್ಟಿರುತ್ತಾರೆ. ಅದನ್ನು ಬದಲಾಯಿಸಲು ಆಗುವುದಿಲ್ಲ.

ಕಣಜದಲ್ಲಿಯೂ ಜಾತಿ ಇದೆ. ಹಾರ್ಡ್ ಡಿಸ್ಕ್ ಅಂದರೆ ಒಳಗೆ ತಿರುಗುವ ತಟ್ಟೆ. ಲ್ಯಾಪ್‌ಟಾಪಿನಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಯಾವುದೂ ಇಲ್ಲ. ಹಾಗಾಗಿ ಬೇಗ ಓದುತ್ತದೆ, ಬಸ್ಸಿನಲ್ಲಿ ಕುಲುಕಿದರೂ ಅಷ್ಟು ಭಯ ಇಲ್ಲ. 1,000 ಜಿಬಿ ಹಾರ್ಡ್ ಡಿಸ್ಕಿಗಿಂತ 256 ಜಿಬಿ ಎಸ್‌ಎಸ್‌ಡಿ ಇರುವುದೇ ವಿದ್ಯಾರ್ಥಿಗೆ ಒಳ್ಳೆಯದು. ಇಎಂಎಂಸಿ ಅಂತ ಬರೆದಿದ್ದರೆ ಅದು ಎಸ್‌ಎಸ್‌ಡಿಗಿಂತ ನಿಧಾನ. ಮನೆಗೆ ತಂದ ಮೇಲೆ 256 ಇರಬೇಕಾದ ಕಡೆ 238 ಅಂತ ಕಾಣುತ್ತದೆ. ಮೋಸ ಹೋದೆವು ಅಂತ ಜಗಳಕ್ಕೆ ಹೋಗಬೇಡಿ. ತಯಾರಿಸುವವರು ಸಾವಿರ ಸಾವಿರವಾಗಿ ಎಣಿಸುತ್ತಾರೆ, ವಿಂಡೋಸ್ 1,024ರಂತೆ ಎಣಿಸುತ್ತದೆ. ಅಳತೆಯ ಸೇರು ಬೇರೆ, ರಾಗಿ ಅಷ್ಟೇ.

ನಾಲ್ಕನೆಯದು, ಪರದೆ. 15.6 ಇಂಚು ಅನ್ನುವುದು ಅಗಲ ಅಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದದ್ದು, ನಾವು ಗಣಿತದಲ್ಲಿ ಕಲಿತ ಕರ್ಣ. ಎಫ್‌ಎಚ್‌ಡಿ ಅಂದರೆ ಅಡ್ಡಕ್ಕೆ 1,920 ಚುಕ್ಕಿ, ಉದ್ದಕ್ಕೆ 1,080 ಚುಕ್ಕಿ. ಬರೀ ಎಚ್‌ಡಿ ಅಂದರೆ ಸಾಮಾನ್ಯವಾಗಿ 1,366 ಮತ್ತು 768. ನಾನು ಗುಣಿಸಿ ನೋಡಿದೆ. ಮೊದಲನೆಯದು 20,73,600 ಚುಕ್ಕಿ, ಎರಡನೆಯದು 10,49,088 ಚುಕ್ಕಿ. ಹತ್ತಿರ ಹತ್ತಿರ ಎರಡರಷ್ಟು ಆಯಿತು. ಚುಕ್ಕಿ ಹೆಚ್ಚಿದ್ದರೆ ಒತ್ತಕ್ಷರ ಸ್ಪಷ್ಟವಾಗಿ ಕಾಣುತ್ತದೆ. ದಿನಾ ಎರಡು ಗಂಟೆ ಓದುವ ಕಣ್ಣಿಗೆ ಇದು ಬೇಕು.

ಐದನೆಯದು, ವಿಂಡೋಸ್ ಇದೆಯೋ ಇಲ್ಲವೋ ಅನ್ನುವುದು. ಚೀಟಿಯಲ್ಲಿ 'ಡಾಸ್' ಅಂತ ಇದ್ದರೆ ವಿಂಡೋಸ್ ಇಲ್ಲ ಅಂತ ಅರ್ಥ. ಬೆಲೆ ಕಡಿಮೆ ಇರುವುದಕ್ಕೆ ಅದೂ ಒಂದು ಕಾರಣ. ಕ್ರೋಮ್‌ಬುಕ್ ಅಂತ ಬೇರೆ ಜಾತಿಯೂ ಇದೆ, ಅದರಲ್ಲಿರುವುದು ಕ್ರೋಮ್ ಓಎಸ್. ಯಾವುದೂ ಕೆಟ್ಟದ್ದಲ್ಲ, ಆದರೆ ಕೆಲಸ ತಿಳಿದು ಕೊಳ್ಳಬೇಕು. ನಮ್ಮ ಅಕ್ಕನಿಗೆ ಟ್ಯಾಲಿ ಕಲಿಯಬೇಕು. ಅದು ನಮ್ಮ ಬೆಂಗಳೂರಿನ ಕಂಪನಿಯ ಲೆಕ್ಕಪತ್ರದ ತಂತ್ರಾಂಶ, ವಿಂಡೋಸ್‌ಗಾಗಿ ಮಾಡಿದ್ದು. ಅವಳಿಗೆ ಕ್ರೋಮ್‌ಬುಕ್ ತಂದರೆ ಎಮ್ಮೆ ಬೇಕಾದವರಿಗೆ ಕುರಿ ತಂದ ಹಾಗೆ.

ಕನ್ನಡದ ಬಗ್ಗೆ ಒಂದು ಮಾತು. ಕನ್ನಡ ಬರೆಯಲು ಬೇರೆ ಲ್ಯಾಪ್‌ಟಾಪ್ ಬೇಕಾಗಿಲ್ಲ. ಯೂನಿಕೋಡಿನಲ್ಲಿ ಕನ್ನಡ ಅಕ್ಷರಗಳು 1991ರಿಂದಲೇ ಇವೆ. ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಕನ್ನಡ ಕೀಲಿಮಣೆ ಆರಿಸಿಕೊಳ್ಳಬಹುದು. ಕನ್ನಡ ಗಣಕ ಪರಿಷತ್ತು ಮಾಡಿದ ನುಡಿ ತಂತ್ರಾಂಶಕ್ಕೆ ದುಡ್ಡು ಕೊಡಬೇಕಾಗಿಲ್ಲ. ಪತ್ರ ಬರೆಯಲು, ಲೆಕ್ಕದ ಪಟ್ಟಿ ಮಾಡಲು ಲಿಬ್ರೆ ಆಫೀಸ್ ಸಹ ಉಚಿತ.

ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯದ ಸಂಗತಿ ಬ್ಯಾಟರಿ. "ಹತ್ತು ಗಂಟೆ ಬರುತ್ತೆ" ಅಂತಾರೆ. ಬಾಯಿಮಾತು ಬೇಡ, ವಾಟ್-ಅವರ್ ಎಷ್ಟು ಅಂತ ಕೇಳಿ. 42 ವಾಟ್-ಅವರ್ ಬ್ಯಾಟರಿ ಇದ್ದು, ಲ್ಯಾಪ್‌ಟಾಪ್ 7 ವಾಟ್ ತಿಂದರೆ 6 ಗಂಟೆ, 14 ವಾಟ್ ತಿಂದರೆ 3 ಗಂಟೆ. ಭಾಗಾಕಾರ ಬಂದರೆ ಸಾಕು. ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲದ ನಮ್ಮ ಊರಿಗೆ ಕೀಗಳ ಕೆಳಗಿನ ಲೈಟಿಗಿಂತ ಇದು ಮುಖ್ಯ. ಚಾರ್ಜರ್ ಮೇಲೆ 100–240 ವೋಲ್ಟ್ ಅಂತ ಬರೆದಿದ್ದರೆ ವೋಲ್ಟೇಜ್ ಸ್ವಲ್ಪ ಏರಿಳಿದರೂ ಅದು ತಡೆದುಕೊಳ್ಳುತ್ತದೆ. ಗುಡುಗು ಸಿಡಿಲು ಬಂದಾಗ ಮಾತ್ರ ಕಿತ್ತಿಡಲೇಬೇಕು.

ಕೊನೆಗೆ ನಾಲ್ಕು ಹೆಜ್ಜೆ ನಡೆಸಿ ನೋಡುವ ಕೆಲಸ. ಅಂಗಡಿಯಲ್ಲಿಯೇ ಆನ್ ಮಾಡಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ರ್‍ಯಾಮ್ ಎಷ್ಟಿದೆ, ಎಷ್ಟು ಖರ್ಚಾಗಿದೆ, ಪ್ರೊಸೆಸರ್ ಯಾವುದು, ಎಲ್ಲ ಕಾಣುತ್ತದೆ. ಚೀಟಿಗೂ ಅದಕ್ಕೂ ತಾಳೆ ನೋಡಿ. ಜಿಎಸ್‌ಟಿ ಇರುವ ಬಿಲ್ಲು ಕೇಳಿ ಪಡೆಯಿರಿ. ವಾರಂಟಿ ಎಷ್ಟು ವರ್ಷ, ರಿಪೇರಿ ಮಾಡುವ ಸರ್ವಿಸ್ ಸೆಂಟರ್ ಯಾವ ಊರಿನಲ್ಲಿದೆ ಕೇಳಿ. ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಆದರೆ ಬಿಲ್ಲು ಇಲ್ಲದೆ ಬರೀ ಬಾಯಿ ಇದ್ದರೆ ಏನು ಪ್ರಯೋಜನ?

ಈಗ ಕೆಲವರು ಹೇಳುವ ಮಾತಿಗೆ ನನ್ನ ಉತ್ತರ.

"ಮೊಬೈಲ್ ಇದೆಯಲ್ಲ, ಸಾಕು" ಅಂತಾರೆ. ಪಾಠ ನೋಡಲು ಸಾಕು, ಒಪ್ಪುತ್ತೇನೆ. ಇಪ್ಪತ್ತು ಪುಟದ ಪ್ರಾಜೆಕ್ಟ್ ಬರೆಯಲು, ಲೆಕ್ಕಪತ್ರ ಕಲಿಯಲು ಸಾಲದು. ಇನ್ನೂ ಒಂದು ವಿಷಯ ಗಮನಿಸಿದ್ದೇನೆ. ಹುಡುಗರಿಗೆ ಲ್ಯಾಪ್‌ಟಾಪ್ ಬೇಕು ಅಂದಾಗ ಈ ಮಾತು ಅಷ್ಟಾಗಿ ಬರುವುದಿಲ್ಲ, ಹುಡುಗಿಯರು ಕೇಳಿದಾಗ ಬೇಗ ಬರುತ್ತದೆ. ಇದು ಸರಿಯಲ್ಲ.

"ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಅರ್ಧ ದುಡ್ಡು" ಅಂತಾರೆ. ತಗೊಳ್ಳಬಹುದು, ವಯಸ್ಸು ನೋಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ಮುಂದಿನದು ಇರಬೇಕು. ಅದಕ್ಕೂ ಹಳೆಯದಾದರೆ ಲಿನಕ್ಸ್ ಹಾಕಿ ಬಳಸಬಹುದು. ಇದನ್ನು ತಿಳಿದು ಕೊಂಡರೆ ಉಳಿತಾಯ, ತಿಳಿಯದೆ ಕೊಂಡರೆ ನಷ್ಟ.

"ಜಾಸ್ತಿ ದುಡ್ಡು ಕೊಟ್ಟರೆ ಒಳ್ಳೇದೇ ಬರುತ್ತೆ" ಅಂತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರೇ ಹೇಳಿದ್ದಾರೆ. ಆಟ ಆಡುವವರ ಲ್ಯಾಪ್‌ಟಾಪಿಗೆ ಸಾಲ ಮಾಡಿ ಪತ್ರ ಬರೆಯುವುದು ಜಾಣತನ ಅಲ್ಲ.

ನಮ್ಮ ಅಪ್ಪ ಅಮ್ಮಂದಿರಿಗೆ ಇಂಗ್ಲಿಷ್ ಚೀಟಿ ಓದಲು ಬರದೆ ಇರಬಹುದು. ಆದರೆ ಪದಾರ್ಥ ಪರೀಕ್ಷೆ ಮಾಡುವ ಬುದ್ಧಿ ಅವರಿಗೆ ನಮಗಿಂತ ಚೆನ್ನಾಗಿದೆ. ನಮಗೆ ಅಕ್ಷರ ಗೊತ್ತು, ಅವರಿಗೆ ವ್ಯಾಪಾರ ಗೊತ್ತು. ಎರಡೂ ಸೇರಿದರೆ ಯಾವ ಅಂಗಡಿಯವರೂ ನಮಗೆ ಟೋಪಿ ಹಾಕಲು ಆಗುವುದಿಲ್ಲ.

ಗುರುಗಳಲ್ಲಿ ನನ್ನದೊಂದು ವಿನಂತಿ. ತಿಂಗಳಿಗೆ ಒಂದು ಶನಿವಾರ ನಮ್ಮ ಶಾಲೆಯ ಕಂಪ್ಯೂಟರ್ ಮುಂದೆ ಕೂರಿಸಿ, ಇದರ ರ್‍ಯಾಮ್ ಎಷ್ಟು, ಪ್ರೊಸೆಸರ್ ವಯಸ್ಸು ಎಷ್ಟು ಅಂತ ನಮ್ಮಿಂದಲೇ ಹುಡುಕಿಸಬೇಕು. ಚಿತ್ರ ಬಿಡಿಸುವುದು ಕಲಿತಷ್ಟೇ ಇದನ್ನೂ ಕಲಿಯಬೇಕು. ಸಹಪಾಠಿಗಳೇ, ಯಾರ ಮನೆಯಲ್ಲಾದರೂ ಲ್ಯಾಪ್‌ಟಾಪ್ ಡಬ್ಬ ಇದ್ದರೆ ಅದರ ಚೀಟಿ ನೋಡಿ ಬರೆದುಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಸೇರಿಸಿ ಒಂದು ಪಟ್ಟಿ ಮಾಡಿ ಇಲ್ಲೇ ಅಂಟಿಸೋಣ. ಊರಿನವರೂ ಬಂದು ಓದಲಿ.

ಇದು ನನ್ನ ಅಭಿಪ್ರಾಯ. ಒಪ್ಪದವರು ಪಕ್ಕದ ಖಾಲಿ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ.

ಚೀಟಿ ಓದಿ, ಆಮೇಲೆ ದುಡ್ಡು ಎಣಿಸಿ!

– 7ನೇ ತರಗತಿ ವಿದ್ಯಾರ್ಥಿನಿ