ದವಾಖಾನೆಯ ಯಜಮಾನಿಕೆ



ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶವನ್ನು ನಂಬಿ ಬದುಕುವ ಮನೆಗಳಲ್ಲಿ 2020ರ ಬೇಸಿಗೆಯ ನೆನಪು ಇನ್ನೂ ಮಾಸಿಲ್ಲ. ಯಂತ್ರಗಳು ಸ್ತಬ್ಧವಾಗಿದ್ದವು, ಮನೆಯಲ್ಲಿ ಒಬ್ಬರು ಕೆಮ್ಮಿದರೆ ಎಲ್ಲರ ಎದೆ ಝಲ್ಲೆನ್ನುತ್ತಿತ್ತು. ಕೊರೋನಾದ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಸಾರಿತು. ಆದರೆ ಆ ದಿನಗಳಲ್ಲಿ ದವಾಖಾನೆ ನಡೆಸಿದವರ ಮನಸ್ಸಿನಲ್ಲಿ ಬೇರೂರಿದ ಯಜಮಾನಿಕೆಯ ರೂಢಿಯೂ ಮುಗಿಯಿತೇ ಎಂಬುದು ವಿಚಾರಿಸತಕ್ಕ ವಿಷಯ.

ಸಂಕಟಕಾಲದಲ್ಲಿ ಅಪ್ಪಣೆಯೇ ಆಡಳಿತವಾಗುವುದು ಸಹಜ. ದಿನಕ್ಕೊಂದು ಸುತ್ತೋಲೆ, ಗಳಿಗೆಗೊಂದು ಲೆಕ್ಕ; ಕುಳಿತು ಸಮಾಲೋಚಿಸಲು ವ್ಯವಧಾನವೆಲ್ಲಿತ್ತು? ಆಗ ಹಾಗೆ ನಡೆದುಕೊಂಡವರನ್ನು ನಾನು ದೂಷಿಸಲಾರೆ. ಆದರೂ 2021ರ ಮೇ ತಿಂಗಳ ಮೊದಲ ವಾರ ಮರೆಯುವಂಥದಲ್ಲ. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಅಸುನೀಗಿದರು. ಯಾವ ಆಸ್ಪತ್ರೆಯಲ್ಲಾದರೂ ಸಿಲಿಂಡರಿನ ಮುಳ್ಳು ಇಳಿಯುವುದನ್ನು ಮೊದಲು ಕಾಣುವವರು ರೋಗಿಯ ಬಳಿ ನಿಂತ ದಾದಿಯರೇ ಹೊರತು ಕೋಣೆಯಲ್ಲಿ ಕುಳಿತ ಅಧಿಕಾರಿಗಳಲ್ಲ. ಕೆಟ್ಟ ಸುದ್ದಿ ತಂದವರನ್ನು ಗದರಿಸುವ ಮುಖ್ಯಸ್ಥರಿಗೆ ಆ ಸುದ್ದಿ ಮುಟ್ಟುವುದು ಎಲ್ಲರಿಗಿಂತ ಕೊನೆಗೆ.

ಹೊಗಳಿಕೆಗೇನೂ ಕೊರತೆಯಿರಲಿಲ್ಲ. 2020ರ ಮಾರ್ಚ್ 22ರ ಸಂಜೆ ನಾವೆಲ್ಲರೂ ಅಂಗಳದಲ್ಲಿ ನಿಂತು ಚಪ್ಪಾಳೆ ತಟ್ಟಿದೆವು, ತಾಟು ಬಾರಿಸಿದೆವು. ಅದೇ ವರ್ಷದ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನವನ್ನೂ ಸುರಕ್ಷಾ ಸಾಮಗ್ರಿಯನ್ನೂ ಬೇಡಿ ಮುಷ್ಕರ ಹೂಡಬೇಕಾಯಿತು. ಮನೆಮನೆಗೆ ಹೋಗುತ್ತಿದ್ದವರು ಅವರೇ.

ಮಹಾಮಾರಿ ಇಳಿಮುಖವಾದ ಮೇಲಾದರೂ ವಿಶ್ರಾಂತಿ ದೊರೆಯಿತೆನ್ನುವಂತಿಲ್ಲ. 2022ರ ಜುಲೈನಲ್ಲಿ ತಾರಿಹಾಳದ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದಾಗ ಸುಟ್ಟ ಗಾಯದ ಕಾರ್ಮಿಕರು ಬಂದದ್ದು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ. ಕೊರೋನಾ ಕಾಲದಲ್ಲಿ ಸುತ್ತಣ ಜಿಲ್ಲೆಗಳ ಭಾರ ಹೊತ್ತದ್ದೂ ಅದೇ ಆಸ್ಪತ್ರೆ. ಹೀಗೆ ದಣಿದವರನ್ನು ನಡೆಸುವವರಿಗೆ ಹಾಜರಿ ಪುಸ್ತಕವೊಂದೇ ಸಾಲದು. ಯಾರಿಗೆ ಸತತ ರಾತ್ರಿ ಪಾಳಿ ಬಿದ್ದಿದೆ, ಯಾರ ಮನೆಯಲ್ಲಿ ಸಾವು ಸಂಭವಿಸಿತ್ತು ಎಂಬುದೂ ತಿಳಿದಿರಬೇಕು. ವೈದ್ಯಶಿಕ್ಷಣದಲ್ಲಿ ದೇಹದ ನರನಾಡಿಗಳನ್ನೆಲ್ಲ ಕಲಿತವರು ಜೊತೆಗಾರರ ಮುಖ ಓದುವುದನ್ನು ಹುದ್ದೆಗೆ ಬಂದ ಮೇಲೆಯೇ ಕಲಿಯಬೇಕಾಗಿದೆ.

ಆ ಕಲಿಕೆಗೆ ಸಣ್ಣ ದವಾಖಾನೆಯೇ ತಕ್ಕ ಸ್ಥಳವೆಂದು ನನ್ನ ಅನಿಸಿಕೆ. 2022ರ ಡಿಸೆಂಬರ್ 14ರಂದು ನಮ್ಮ ಬೈರಿದೇವರಕೊಪ್ಪದಲ್ಲಿಯೇ ರಾಜ್ಯದ ಮೊದಲ ಕಂತಿನ 100 'ನಮ್ಮ ಕ್ಲಿನಿಕ್'ಗಳಿಗೆ ಚಾಲನೆ ದೊರೆಯಿತು. ಒಬ್ಬ ವೈದ್ಯರು, ಒಬ್ಬ ಶುಶ್ರೂಷಕಿ, ಪ್ರಯೋಗಾಲಯದ ಒಬ್ಬರು, ಡಿ ಗುಂಪಿನ ಒಬ್ಬರು, ಇಷ್ಟೇ ಸಂಸಾರ. ನಾಲ್ವರ ಸಂಸಾರದಲ್ಲಿ ದೊರೆತನ ಮಾಡಿದರೆ ಕೆಲಸ ಅಂದೇ ಕೆಡುತ್ತದೆ.

ಆರಂಭದಲ್ಲಿ ಅವುಗಳಿಗೆ ಗೊತ್ತುಪಡಿಸಿದ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30. ಕಾರ್ಖಾನೆಯ ಹಗಲು ಪಾಳಿ ಮುಗಿಸಿ ಬರುವ ಕೂಲಿಕಾರನಿಗೆ ಈ ವೇಳೆ ಒದಗುವುದು ಕಷ್ಟ. ವೇಳೆ ಬದಲಿಸುವ ಅಧಿಕಾರ ವೈದ್ಯರಿಗಿಲ್ಲದಿರಬಹುದು, ಮೇಲಿನವರಿಗೆ ಬರೆದು ತಿಳಿಸಬಹುದಷ್ಟೇ. ಬರೆಯುವ ಮೊದಲು ಅವರು ಕೇಳಬೇಕಾದದ್ದು ಸಂಜೆ ಕೀಲಿ ಹಾಕುವ ತಾಯಿಯನ್ನು. ಬಾಗಿಲು ಮುಚ್ಚಿದ ಮೇಲೆ ಎಷ್ಟು ಜನ ಬಂದು ಹಿಂದಿರುಗಿದರೆಂಬುದು ಅವಳಿಗಷ್ಟೇ ಗೊತ್ತು.